ಚೀಟಿಯಪ್ಪನವರು ಕಾರಿಗೆ ನೆಲ ಹಾಕಿಸಿದ್ದು

ಚೀಟಿಯಪ್ಪನವರ ಬಲಗಾಲು ಮಾವನವರ ಕಾರಿನ ನೆಲವನ್ನು ತೂರಿಕೊಂಡು ಕೆಳಗಿನ ಮಣ್ಣಿಗೆ ತಾಗಿದಾಗ ಮಾವನವರು ಪಕ್ಕದಲ್ಲೇ ನಿಂತಿದ್ದರು. ಅಳಿಯನಾದವನು ಮಾವನ ಮನೆಯಲ್ಲಿ ಲೋಟ ಒಡೆಯಬಹುದು, ಕುರ್ಚಿ ಮುರಿಯಬಹುದು, ಬೇಕಾದರೆ ಎರಡು ದಿನ ಜ್ವರ ಹಿಡಿದು ಮಲಗಲೂಬಹುದು. ಆದರೆ ಮಾವ ನಲವತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಕಾರಿನ ನೆಲಕ್ಕೆ, ಹತ್ತಿ ಕೂತ ಮೊದಲನೇ ನಿಮಿಷದಲ್ಲೇ ಕಾಲು ತೂರಿಸಿಬಿಟ್ಟರೆ ಅದಕ್ಕೆ ಯಾವ ಶಾಸ್ತ್ರದಲ್ಲೂ ಪರಿಹಾರ ಹೇಳಿಲ್ಲ.

“ನಿಧಾನ, ಅಳಿಯಂದಿರೇ,” ಎಂದರು ಮಾವನವರು. “ಹಲಗೆ ಹಳೇದು.”

ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಮಾವನವರು ಅಳಿಯನನ್ನು ಒಂದು ದಿನವೂ ಬೈದಿರಲಿಲ್ಲ, ಒಂದು ದಿನವೂ ಹೊಗಳಿರಲಿಲ್ಲ. ಬ್ಯಾಂಕಿನಲ್ಲಿ ಗುರುತಿಲ್ಲದ ಗಿರಾಕಿಯ ಜೊತೆ ಮಾತಾಡುವ ಹಾಗೆ ಮರ್ಯಾದೆಯಿಂದ ಮಾತಾಡುತ್ತಿದ್ದರು. ಆ ಮರ್ಯಾದೆ ಚೀಟಿಯಪ್ಪನವರಿಗೆ ಇಪ್ಪತ್ತೆರಡು ವರ್ಷದಿಂದ ಅಂಗಿಯೊಳಗೆ ಸಿಕ್ಕಿಕೊಂಡ ಹುಲ್ಲೆಳೆಯಂತೆ ಚುಚ್ಚುತ್ತಿತ್ತು.

ಚೀಟಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಭದ್ರವಾಗಿತ್ತು, ಅದನ್ನು ಬಳಸುವವರು ಯಾರೂ ಇರಲಿಲ್ಲ. ದೊಡ್ಡದೊಂದು ಕಚೇರಿಯ ದಾಖಲೆ ಕೋಣೆಯಲ್ಲಿ ಅವರು ಇಪ್ಪತ್ತಾರು ವರ್ಷದಿಂದ ಕಡತಗಳಿಗೆ ಚೀಟಿ ಅಂಟಿಸುತ್ತ ಬಂದವರು. ಚಟ ಕಚೇರಿಯಲ್ಲೇ ನಿಲ್ಲದೆ ಮನೆಗೂ ಬಂದಿತ್ತು. ಸಕ್ಕರೆ ಡಬ್ಬಿಯ ಮೇಲೆ ‘ಸಕ್ಕರೆ’, ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು’, ಬಾಗಿಲ ಒಳಗಡೆ ‘ಎಳೆಯಿರಿ’, ಹೊರಗಡೆ ‘ತಳ್ಳಿರಿ’. ಒಮ್ಮೆ ಹೆಂಡತಿ ರೋಸಿಹೋಗಿ, ಮಲಗಿದ್ದವರ ಬೆನ್ನಿಗೇ ‘ಗಂಡ’ ಎಂದು ಬರೆದು ಅಂಟಿಸಿದ್ದಳು. ಎದ್ದು ನೋಡಿದವರು ಅಕ್ಷರ ದುಂಡಗಿದೆ ಎಂದು ಮೆಚ್ಚಿಕೊಂಡರೇ ಹೊರತು ಬೇಜಾರು ಮಾಡಿಕೊಳ್ಳಲಿಲ್ಲ.

ಇನ್ನು ಆ ಕಾರಿನ ವಿಷಯ. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಮೂತಿ ಉದ್ದ, ಚಕ್ರಗಳಿಗೆ ಸೈಕಲ್ಲಿನಂತೆ ಕಡ್ಡಿಗಳು. ಚೀಟಿಯಪ್ಪನವರು ಹುಟ್ಟುವ ಮೊದಲೇ ರೇಸು ಗೆದ್ದಿತ್ತಂತೆ. ಎಂಜಿನ್ನು ಇನ್ನೂ ಗುಂಡುಕಲ್ಲಿನ ಹಾಗಿತ್ತು. ಮೈಯೆಲ್ಲ ತಗಡಾದರೂ ಆ ಕಾಲದ ಪದ್ಧತಿಯಂತೆ ನೆಲ ಮಾತ್ರ ಮರದ್ದು. ಮಾವನವರು ಹರೆಯದಲ್ಲಿ ಕೊಂಡಿದ್ದು. ಅಂದಿನಿಂದ ಅದರ ಸ್ಟೇರಿಂಗನ್ನು ಮತ್ತೊಬ್ಬರು ಮುಟ್ಟಿರಲಿಲ್ಲ. ಈಗ ಅವರು ಸ್ವಂತ ಮನೆ ಬಿಟ್ಟು ಮಗನ ಮೂರನೇ ಮಹಡಿಯ ಫ್ಲಾಟಿಗೆ ಹೋಗುವವರಿದ್ದರು. ಅಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಬಂದು ನೋಡಿಹೋಗಿದ್ದ. ಎಂಜಿನ್ನು ತೆಗೆದು, ಆ ಜಾಗದಲ್ಲಿ ಹೂವಿನ ಕುಂಡ ಇಟ್ಟು, ಹೋಟೆಲಿನ ಹಜಾರದಲ್ಲಿ ನಿಲ್ಲಿಸುವುದು ಅವನ ಯೋಜನೆ.

ಈ ಕುಂಡದ ವಿಷಯ ಕೇಳಿದ ಮೇಲೆ ಚೀಟಿಯಪ್ಪನವರ ಹೆಂಡತಿ ಮೂರು ದಿನ ಸರಿಯಾಗಿ ಮಾತಾಡಿರಲಿಲ್ಲ. ಆಕೆ ಶಾಲೆಗೆ ಹೋಗಿದ್ದು, ಪರೀಕ್ಷೆಗೆ ಹೋಗಿದ್ದು, ಕೊನೆಗೆ ಮದುವೆಗೆ ಹೋಗಿದ್ದೂ ಆ ಕಾರಿನಲ್ಲೇ. ಹಾಗಾಗಿ ಚೀಟಿಯಪ್ಪನವರು, ಕಾರನ್ನು ನಾವೇ ಇಟ್ಟುಕೊಳ್ಳೋಣ ಎಂದು ಹೇಳಲು ಮಾವನ ಮನೆಗೆ ಬಂದಿದ್ದರು. ಹೇಳುವ ಮೊದಲು ಒಂದು ಸಾರಿ ಹತ್ತಿ ಕೂರೋಣ ಅನ್ನಿಸಿತು. ಕೂತರು, ಕಾಲು ತೂರಿತು.

“ಮೆಕಾನಿಕ್‌ಗೆ ಹೇಳಿದ್ರೆ ಎರಡು ದಿನದಲ್ಲಿ ಹಲಗೆ ಬದಲಾಯಿಸ್ತಾನೆ,” ಎಂದರು ಮಾವನವರು.

ಆಗ ಚೀಟಿಯಪ್ಪನವರ ಬಾಯಿಂದ ಆ ಮಾತು ಬಂತು. “ಇದಕ್ಕೆಲ್ಲ ಮೆಕಾನಿಕ್ ಯಾಕೆ ಮಾವ? ಮೂರು ಹಲಗೆ ತಾನೆ. ನಾನೇ ಮಾಡ್ತೀನಿ.” ಇದನ್ನು ಹೇಳುವಾಗ ಅವರ ಕಾಲು ಇನ್ನೂ ತೂತಿನೊಳಗೇ ಇತ್ತು.

ಮಾವನವರು ಆ ಕಾಲನ್ನೂ ಅಳಿಯನ ಮುಖವನ್ನೂ ಒಮ್ಮೆ ನೋಡಿದರು. “ಸರಿ. ಕಾರು ನಿಮ್ಮ ಮನೆಗೆ ಕಳಿಸ್ತೀನಿ. ಬರೋ ತಿಂಗಳು ಮೊದಲನೇ ಭಾನುವಾರ ಬರ್ತೀನಿ. ನೀವು ಓಡಿಸಿ ತೋರಿಸಿದ್ರೆ ಕಾರು ನಿಮ್ಮದು. ಇಲ್ಲಾಂದ್ರೆ ವ್ಯಾಪಾರಿನ ಜೊತೇಲೇ ಕರ್ಕೊಂಡು ಬಂದಿರ್ತೀನಿ.”

ಹೀಗೆ ಕಾರು ಲಾರಿ ಹತ್ತಿ ಚೀಟಿಯಪ್ಪನವರ ಅಂಗಳಕ್ಕೆ ಬಂತು. ಓಡಿಸುವುದೇನೋ ಅವರಿಗೆ ಬರುತ್ತಿತ್ತು; ಬಾರದಿದ್ದದ್ದು ಮರಗೆಲಸ.

ಕೆಲಸ ಶುರುವಾದದ್ದು ಶಾಸ್ತ್ರೋಕ್ತವಾಗಿ. ಮೊದಲು ಸೀಟು ಬಿಚ್ಚಿ ‘ಸೀಟು’ ಎಂದು ಚೀಟಿ ಅಂಟಿಸಿದರು. ಸ್ಕ್ರೂಗಳನ್ನು ಇಪ್ಪತ್ತೊಂಬತ್ತು ಬೆಂಕಿಪೆಟ್ಟಿಗೆಗಳಲ್ಲಿ ಒಂದೊಂದಾಗಿ ಹಾಕಿ, ಪ್ರತಿ ಪೆಟ್ಟಿಗೆಗೂ ಕ್ರಮಸಂಖ್ಯೆ ಕೊಟ್ಟರು. ಕಾಲಿಡುವ ಜಾಗದಲ್ಲಿ ಎರಡು ಚೌಕ ಹಲಗೆ ಇದ್ದವು, ಅವುಗಳ ಅಳತೆಯದ್ದೇನೂ ತಕರಾರಿರಲಿಲ್ಲ. ಮುಖ್ಯವಾದದ್ದು ಅವುಗಳ ಮುಂದಿನ ಓರೆ ಹಲಗೆ. ಕಾರಿನ ಈ ಬದಿಯಿಂದ ಆ ಬದಿಯವರೆಗೂ ಹಬ್ಬಿದ ಒಂದೇ ಹಲಗೆ ಅದು. ಮುಂದೆ ಕಿರಿದು, ಹಿಂದೆ ಅಗಲ. ಓಡಿಸುವವರು ಕೂರುವ ಬಲಗಡೆಯಲ್ಲಿ ಅದಕ್ಕೆ ಮೂರು ಉದ್ದನೆಯ ತೂತುಗಳಿದ್ದವು. ಕ್ಲಚ್ಚು, ಬ್ರೇಕು, ಆಕ್ಸಿಲರೇಟರುಗಳ ಕಬ್ಬಿಣದ ಕಾಲುಗಳು ಕೆಳಗಿನಿಂದ ಆ ತೂತುಗಳೊಳಗೆ ತೂರಿ ಮೇಲೆ ಬರಬೇಕು.

ಆ ಹಲಗೆ ಎಷ್ಟು ಕೊಳೆತಿತ್ತೆಂದರೆ ಹುಷಾರಾಗಿ ಎತ್ತಿದರೂ ಅಂಚು ಪುಡಿಪುಡಿಯಾಗಿ ಉದುರುತ್ತಿತ್ತು. ಪುಡಿಯಾಗುವ ಮೊದಲು ಅದರ ಅಳತೆಯನ್ನು ಕಾಗದದ ಮೇಲೆ ತೆಗೆದುಕೊಳ್ಳಬೇಕು. ಹಲಗೆಯ ಮೇಲ್ಮುಖಕ್ಕೆ ಹಳೇ ರಬ್ಬರು ಚಾಪೆ ಅಂಟಿಕೊಂಡು ಉಬ್ಬುತಗ್ಗಾಗಿತ್ತು. ಕಾಗದ ಸಮವಾಗಿ ಕೂರಲಿಲ್ಲ. ಚೀಟಿಯಪ್ಪನವರು ಯೋಚಿಸಿ, ಹಲಗೆಯನ್ನು ಬೋರಲು ಹಾಕಿ, ಕೊಳೆತಿದ್ದರೂ ಸಮವಾಗಿದ್ದ ತಳದ ಮೇಲೆ ಕಾಗದ ಹಾಸಿ, ತೂತುಗಳೂ ಸೇರಿದಂತೆ ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದರು. ಗೆರೆ ಅಚ್ಚುಕಟ್ಟಾಗಿ ಬಂತು. ಸಂತೋಷದಲ್ಲಿ ಅದರ ಮೇಲೊಂದು ಚೀಟಿ ಅಂಟಿಸಿ, ದುಂಡಗೆ ‘ಮೇಲ್ಭಾಗ’ ಎಂದು ಬರೆದು, ರುಜು ಹಾಕಿ ತಾರೀಖು ನಮೂದಿಸಿದರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರು ತಪ್ಪು ಚೀಟಿ ಅಂಟಿಸಿದ್ದು ಅದೇ ಮೊದಲು. ಹಳೇ ಹಲಗೆಯ ಚೂರುಗಳನ್ನು ಬೀದಿಯ ಕಾವಲುಗಾರ ಬೆಳಗಿನ ಚಳಿ ಕಾಯಿಸಿಕೊಳ್ಳಲು ಒಯ್ದ. ಸಾಕ್ಷಿ ಸುಟ್ಟುಹೋಯಿತು.

ಬಡಗಿ ಕಾಗದವನ್ನು ಅತ್ತ ಇತ್ತ ತಿರುಗಿಸಿ ನೋಡಿದ. ಆತ ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡದ ಮನುಷ್ಯ.

“ಇದು ಮೇಲ್ಭಾಗನಾ?” ಎಂದ.

“ಬರೆದಿದೆಯಲ್ಲ,” ಎಂದರು ಚೀಟಿಯಪ್ಪನವರು.

“ಬರೆದಿದೆ,” ಎಂದು ಬಡಗಿ ಒಪ್ಪಿಕೊಂಡ. ಬರೆದದ್ದನ್ನು, ಅದೂ ರುಜು ಹಾಕಿದ್ದನ್ನು ಪ್ರಶ್ನಿಸುವ ಪೈಕಿ ಅವನಲ್ಲ.

“ಮೇಲ್ಗಡೆಗೆ ಪಾಲಿಷ್ ಚೆನ್ನಾಗಿರಲಿ. ಮೂರು ಕೋಟು ಹಾಕಿ. ಮಾವನವರ ಕಾರು.”

ಭಾನುವಾರಕ್ಕೆ ಇನ್ನು ಎಂಟು ದಿನ ಇರುವಾಗ ಹಲಗೆಗಳು ಬಂದವು. ಓರೆ ಹಲಗೆಯ ಒಂದು ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಮುಖ ಬರೀ ಮರ. ಚೀಟಿಯಪ್ಪನವರು ಹೊಳೆಯುವ ಮುಖವನ್ನು ಒಂದು ಗಳಿಗೆ ನೋಡಿ, ಬನಿಯನ್ನಿನ ತುದಿಯಿಂದ ಒರೆಸಿ, ಕಾರಿನೊಳಗಿಟ್ಟರು. ಹಲಗೆ ಕೂರಲಿಲ್ಲ. ಬಲಗಡೆ ಪೆಡಲುಗಳ ಕಾಲುಗಳು ಗಟ್ಟಿಮರಕ್ಕೆ ಮೂತಿ ಕೊಟ್ಟು ನಿಂತಿದ್ದವು. ತೂತುಗಳು ಮೂರೂ ಎಡಗಡೆ ಬಾಯಿ ಬಿಟ್ಟುಕೊಂಡಿದ್ದವು.

ಅವರು ಹಲಗೆಯನ್ನು ಹಿಂದುಮುಂದಾಗಿ ತಿರುಗಿಸಿದರು. ತೂತು ಬಲಕ್ಕೆ ಬಂತು, ಆದರೆ ಅಗಲವಾದ ಕಡೆ ಮುಂದೆ ಹೋಗಿ ಸಿಕ್ಕಿಕೊಂಡಿತು. ಅಡ್ಡ ಹಿಡಿದರು, ಉದ್ದ ಹಿಡಿದರು, ತಾವೇ ಕಾರಿನ ಆ ಕಡೆಗೆ ಹೋಗಿ ನಿಂತು ನೋಡಿದರು. ಯಾವ ಕಡೆ ಹೋಗಿ ನಿಂತರೂ ತೂತು ಕಾರಿನ ಎಡಕ್ಕೇ ಇತ್ತು. ಹೊಳೆಯುವ ಮುಖ ಮಾತ್ರ ಪ್ರತಿ ಸಾರಿಯೂ ತಪ್ಪದೆ ಮೇಲ್ಗಡೆಗಿತ್ತು.

ಅದೇ ಹೊತ್ತಿಗೆ ಎದುರುಮನೆಯ ಟೀಚರಮ್ಮ ಗೇಟು ತೆಗೆದು ಬಂದರು. ಮೂವತ್ತೈದು ವರ್ಷ ರೇಖಾಗಣಿತ ಕಲಿಸಿ ನಿವೃತ್ತರಾದವರು. ಬೀದಿಯಲ್ಲಿ ಯಾರ ಮನೆಯ ಗೋಡೆ ಎಷ್ಟು ವಾಲಿದೆ ಎಂಬುದನ್ನು ಕಿಟಕಿಯಿಂದಲೇ ಹೇಳಬಲ್ಲವರು.

“ಇದೇನು, ತೂತು ಎಡಗಡೆ ಇದೆ? ಪೆಡಲು ಆ ಕಡೆ ಇದೆಯಲ್ಲ.”

ತಪ್ಪಾಗಿದೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲ್ಕೇ ಅಕ್ಷರ. ಆದರೆ ಟೀಚರಮ್ಮನಿಗೆ ಹೇಳಿದ್ದು ಸಂಜೆಯೊಳಗೆ ಬೀದಿಗೆ, ಬೀದಿಯಿಂದ ಮಾವನವರಿಗೆ ಮುಟ್ಟುವುದು ಖಂಡಿತ.

“ಅದು ಬೇಕಂತಲೇ ಮಾಡಿಸಿದ್ದು,” ಎಂದುಬಿಟ್ಟರು.

ಟೀಚರಮ್ಮ ಹಲಗೆ ನೋಡಿದರು, ಪೆಡಲು ನೋಡಿದರು, ಕನ್ನಡಕ ಏರಿಸಿಕೊಂಡರು. ಅವರ ತಲೆಯಲ್ಲಿ ಪ್ರಮೇಯವೊಂದು ಸಾಧಿತವಾಗುತ್ತಿರುವುದು ಹೊರಗೆ ಕಾಣುತ್ತಿತ್ತು.

“ಅರ್ಥ ಆಯ್ತು. ಆ ಕಡೇನೂ ಪೆಡಲು, ಈ ಕಡೇನೂ ಪೆಡಲು. ಕಲಿಯೋರಿಗೊಂದು ಸೆಟ್ಟು, ಕಲಿಸೋರಿಗೊಂದು ಸೆಟ್ಟು. ಡ್ರೈವಿಂಗ್ ಸ್ಕೂಲ್ ತೆಗೀತಿದ್ದೀರಿ.”

“ಹ್ಞಾಂ,” ಎಂದರು ಚೀಟಿಯಪ್ಪನವರು. ಮುಳುಗುವವರಿಗೆ ಕೈಗೆ ಸಿಕ್ಕಿದ್ದೇ ದಡ.

“ನನ್ನ ಹೆಸರು ಮೊದಲು ಬರ್ಕೊಳ್ಳಿ. ಅರವತ್ತೊಂದು ವಯಸ್ಸು ಅಂತ ಬೇರೆ ಸ್ಕೂಲಿನೋರು ಯಾರೂ ಸೇರಿಸ್ಕೊಳ್ತಿಲ್ಲ.”

ಬರೆದುಕೊಳ್ಳಿ ಎಂಬ ಮಾತು ಕಿವಿಗೆ ಬಿದ್ದರೆ ಚೀಟಿಯಪ್ಪನವರ ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಗುತ್ತದೆ. ಅದಕ್ಕೆ ಅವರ ಅಪ್ಪಣೆ ಬೇಕಿಲ್ಲ. ಒಂದು ನೋಟುಪುಸ್ತಕ ತಂದರು, ಅದರ ಮೇಲೆ ‘ಪ್ರವೇಶ ಪುಸ್ತಕ’ ಎಂದು ಚೀಟಿ ಅಂಟಿಸಿದರು, ಹೆಸರು ಬರೆದುಕೊಂಡರು. ಇಲ್ಲದ ಶಾಲೆಗೆ ಅಷ್ಟು ಅಚ್ಚುಕಟ್ಟಾದ ಪುಸ್ತಕ ಮತ್ತೆಲ್ಲೂ ಇದ್ದಿರಲಾರದು.

ಮಂಗಳವಾರದ ಹೊತ್ತಿಗೆ ಹದಿಮೂರು ಜನ ಆಗಿದ್ದರು. ಮೂಲೆಯಂಗಡಿಯ ದರ್ಜಿ ಸೇರಿದ. ಹೊಲಿಗೆ ಮೆಷಿನ್ನು ತುಳಿದ ಕಾಲಿಗೆ ಪೆಡಲೇನು ಮಹಾ ಎಂಬುದು ಅವನ ವಾದ. ಔಷಧಿ ಅಂಗಡಿಯವರು ಗಂಡ ಹೆಂಡತಿ ಇಬ್ಬರೂ ಸೇರಿ, ಒಬ್ಬರು ಕಲಿಯುವಾಗ ಇನ್ನೊಬ್ಬರು ನೋಡಬಾರದು ಎಂಬ ಷರತ್ತು ಹಾಕಿದರು. ಎಲ್ಲರೂ ಒಮ್ಮೆ ಹಲಗೆಯನ್ನು ನೋಡಿ, ಅದರಲ್ಲಿ ಮುಖ ಕಾಣುವುದನ್ನು ಮೆಚ್ಚಿ, ತಲೆ ಬಾಚಿಕೊಂಡು ಹೋದರು.

ಆ ಸಂಜೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

“ರೀ, ಸ್ಕೂಲಿನ ವಿಷಯ ಬೀದಿಗೆಲ್ಲ ಗೊತ್ತು. ನನಗೆ ಹೇಳಬೇಕು ಅನ್ನಿಸಲಿಲ್ವಾ?”

ಚೀಟಿಯಪ್ಪನವರು ಈಗ ಹೇಳಿಬಿಡಬೇಕು ಎಂದುಕೊಂಡರು. ಬಾಯಿ ತೆರೆದೂ ಆಗಿತ್ತು.

“ಹದಿನಾಲ್ಕನೇದು ನನ್ನ ಹೆಸರು ಬರ್ಕೊಳ್ಳಿ,” ಎಂದಳು ಆಕೆ. “ಅಪ್ಪ ಒಂದು ದಿನಾನೂ ಸ್ಟೇರಿಂಗ್ ಮುಟ್ಟೋಕೆ ಬಿಡಲಿಲ್ಲ. ಪಕ್ಕದಲ್ಲಿ ಕೂತು ಅವರು ಹೇಳಿದಾಗ ಬಾಗಿಲಿಗಿದ್ದ ರಬ್ಬರ್ ಹಾರ್ನ್ ಒತ್ತೋದು, ಅಷ್ಟೇ ನನ್ನ ಕೆಲಸ. ನನಗೆ ಆ ಕಾರು ಓಡಿಸೋ ಆಸೆ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು? ನಾನು ಯಾರ ಹತ್ರಾನೂ ಹೇಳಿರಲಿಲ್ಲ.”

ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಆಕೆಯ ಮುಖದಲ್ಲಿ ಅಷ್ಟು ಸಂತೋಷವನ್ನು ಅವರು ನೋಡಿ ಬಹಳ ವರ್ಷವಾಗಿತ್ತು. ಪುಸ್ತಕ ತೆಗೆದು ಬರೆದುಕೊಂಡರು. ಬರೆಯುವಾಗ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು; ಅಕ್ಷರ ಸೊಟ್ಟಗಾಯಿತು.

ಬುಧವಾರ ಕಚೇರಿಯಲ್ಲಿ ದೊಡ್ಡ ಸಾಹೇಬರು ಕರೆಸಿದರು. ಮೇಜಿನ ಮೇಲೆ ನಿಯಮಗಳ ಪುಸ್ತಕ ತೆರೆದಿತ್ತು.

“ನೌಕರರು ಹೊರಗಡೆ ವ್ಯವಹಾರ ನಡೆಸೋ ಹಾಗಿಲ್ಲ. ಗೊತ್ತು ತಾನೆ?”

“ಗೊತ್ತು ಸಾರ್. ಆ ಪುಸ್ತಕಕ್ಕೆ ಚೀಟಿ ಅಂಟಿಸಿದ್ದು ನಾನೇ.”

ಸಾಹೇಬರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ದನಿ ತಗ್ಗಿತು. “ನಂಗೆ ಕಾರು ಹಿಂದಕ್ಕೆ ತಗೊಳ್ಳೋಕೆ ಬರಲ್ಲ ಕಣ್ರೀ. ಮುಂದಕ್ಕೆ ಸರಾಗ. ಹನ್ನೊಂದು ವರ್ಷದಿಂದ ಮುಂದಕ್ಕೇ ಹೋಗ್ತಾ ಇದೀನಿ. ಸುತ್ತು ಹೊಡ್ಕೊಂಡು ಬರೋಕೆ ಜಾಗ ಇಲ್ಲದ ಕಡೆ ನಮ್ಮ ನೆಂಟರೇ ಇದ್ರೂ ನಾನು ಹೋಗಲ್ಲ. ಭಾನುವಾರ ಶುರುವಂತಲ್ಲ? ಬರ್ತೀನಿ. ಹಿಂದಕ್ಕೆ ಹೋಗೋದಷ್ಟೇ ಕಲಿಸಿ ಸಾಕು.”

ನಿಯಮಗಳ ಪುಸ್ತಕ ಮುಚ್ಚಿಕೊಂಡಿತು. ಚೀಟಿಯಪ್ಪನವರು ಬಾಗಿಲವರೆಗೂ ಬೆನ್ನು ಹಾಕದೆ ಹಿಂದಕ್ಕೇ ನಡೆದು ಹೊರಬಂದರು. ಸಾಹೇಬರು ಅದನ್ನು ಅಸೂಯೆಯಿಂದ ನೋಡಿದರು.

ಗುರುವಾರ ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರು ಮನೆಗೇ ಬಂದರು. ಆ ಕಡೆ ಬೀದಿಯಲ್ಲಿ ಮೊದಲಿನಿಂದ ಇದ್ದ ಡ್ರೈವಿಂಗ್ ಸ್ಕೂಲಿನವರು ಅರ್ಜಿ ಹಾಕಿದ್ದರಂತೆ. ಇನ್ಸ್‌ಪೆಕ್ಟರು ಕಾರನ್ನು ಸುತ್ತುಹಾಕಿ, ಟೇಪು ಹಿಡಿದು, ಉದ್ದ ಅಗಲ ಅಳೆದರು. ಮಡಿಲಲ್ಲಿ ಹಲಗೆ ಇಟ್ಟುಕೊಂಡು ಕೂತಿದ್ದ ಚೀಟಿಯಪ್ಪನವರನ್ನೂ ಅಳೆಯುವವರಂತೆ ನೋಡಿದರು.

“ಪೆಡಲು ಯಾವ ಕಡೆ?”

“ಬಲಗಡೆ ಸಾರ್.”

“ತೂತು?”

“ಎಡಗಡೆ.”

“ಈ ತೂತಿಗೆ ಪೆಡಲು?”

“ಬರ್ತವೆ ಸಾರ್.”

“ಆ ಪೆಡಲಿಗೆ ತೂತು?”

“ಅವೂ ಬರ್ತವೆ.”

ಇನ್ಸ್‌ಪೆಕ್ಟರು ಪೆನ್ನು ತೆಗೆದು ನಿಧಾನವಾಗಿ ಬರೆದುಕೊಂಡರು: ‘ಪೆಡಲು ಇರುವಲ್ಲಿ ತೂತಿಲ್ಲ. ತೂತು ಇರುವಲ್ಲಿ ಪೆಡಲಿಲ್ಲ.’ ಬರೆದಾದ ಮೇಲೆ ತಾವೇ ಒಮ್ಮೆ ಓದಿಕೊಂಡರು. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಇಂಥ ಗಾಡಿ ಅವರೆದುರಿಗೆ ಬಂದಿರಲಿಲ್ಲ. “ಭಾನುವಾರ ಈ ಕಡೇನೇ ಬರೋದಿದೆ. ಎರಡು ಕಡೇನೂ ಪೆಡಲು ನೋಡ್ತೀನಿ. ಇಲ್ಲಾಂದ್ರೆ ಸ್ಕೂಲ್ ಅಂತ ಬೋರ್ಡ್ ಹಾಕೋ ಹಾಗಿಲ್ಲ.”

ಬೋರ್ಡು ಹಾಕುವ ಯೋಚನೆ ಚೀಟಿಯಪ್ಪನವರಿಗಿರಲಿಲ್ಲ. ಆದರೆ ದರ್ಜಿ ಆಗಲೇ ಬಟ್ಟೆಯ ಮೇಲೆ ಒಂದು ಹೊಲಿದುಬಿಟ್ಟಿದ್ದ.

ಶನಿವಾರ ಮಧ್ಯಾಹ್ನ ಅವರು ಬಡಗಿಯ ಅಂಗಡಿಗೆ ಓಡಿದರು. ಇನ್ನೊಂದು ಹಲಗೆ ಕೊಯ್ಯಿಸಿಬಿಡೋಣ, ಪಾಲಿಷ್ ಇಲ್ಲದಿದ್ದರೂ ಸರಿ ಎಂದುಕೊಂಡಿದ್ದರು. ಅಂಗಡಿಗೆ ಬೀಗ. ಬಡಗಿ ತಂಗಿಯ ಊರಿಗೆ ಹೋಗಿದ್ದಾನೆ, ಸೋಮವಾರ ಬರುತ್ತಾನೆ ಎಂದು ಪಕ್ಕದಂಗಡಿಯವರು ಹೇಳಿದರು. ಮನೆಗೆ ಬಂದು ಗರಗಸ ಹುಡುಕಿದರು. ‘ಗರಗಸ’ ಎಂಬ ಚೀಟಿ ಇದ್ದಲ್ಲೇ ಅದು ಇತ್ತು. ಬಲಗಡೆ ತಾವೇ ಮೂರು ತೂತು ಕೊಯ್ದರೆ ಪೆಡಲಾದರೂ ಮೇಲೆ ಬರುತ್ತದೆ, ಎಡಗಡೆಯ ತೂತಿಗೆ ಚಾಪೆ ಮುಚ್ಚಿದರಾಯಿತು. ಹಲಗೆಯನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿ, ಗರಗಸ ಎತ್ತಿ ಬಗ್ಗಿದರು. ಮೂರು ಕೋಟು ಪಾಲಿಷಿನೊಳಗಿಂದ ಅವರ ಮುಖವೇ ಅವರನ್ನು ನೋಡಿತು. ಆ ಮುಖದ ಮೇಲೆ ಗರಗಸ ಇಡಲು ಅವರಿಗೆ ಮನಸ್ಸಾಗಲಿಲ್ಲ. ಎರಡು ಸಾರಿ ಎತ್ತಿದರು, ಎರಡು ಸಾರಿ ಇಳಿಸಿದರು, ಆಮೇಲೆ ಗರಗಸವನ್ನು ಅದರ ಚೀಟಿಯ ಹತ್ತಿರ ವಾಪಸು ಇಟ್ಟು ಬಂದರು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೀಚರಮ್ಮ ಕ್ಯಾನ್ವಾಸು ಬೂಟು ಹಾಕಿಕೊಂಡು ಬಂದಿದ್ದರು. ದರ್ಜಿ ಬೋರ್ಡು ಸುತ್ತಿಕೊಂಡು ಕಂಕುಳಲ್ಲಿ ಇಟ್ಟುಕೊಂಡಿದ್ದ. ದೊಡ್ಡ ಸಾಹೇಬರು ಬೀದಿಯ ತುದಿಯಲ್ಲಿ, ಮುಂದಕ್ಕೇ ಹೊರಡಬಹುದಾದ ಜಾಗದಲ್ಲಿ ಕಾರು ನಿಲ್ಲಿಸಿ, ನಡೆದುಕೊಂಡು ಬಂದರು. ಇನ್ಸ್‌ಪೆಕ್ಟರು ಟೇಪು ತಂದಿದ್ದರು. ಕೊನೆಗೆ ಮಾವನವರು ಬಂದರು. ಅವರ ಹಿಂದೆ ವ್ಯಾಪಾರಿ, ಅವನ ಹಿಂದೆ ಕಾರು ಏರಿಸಿಕೊಂಡು ಹೋಗಲು ಒಂದು ಖಾಲಿ ಲಾರಿ.

ಮಾವನವರು ಜನವನ್ನು ನೋಡಿದರು. “ಏನು ವಿಶೇಷ?”

“ಅಪ್ಪ, ಇವರು ಸ್ಕೂಲು ತೆಗೀತಿದಾರೆ,” ಎಂದಳು ಮಗಳು. ಆಕೆ ಕೂದಲು ಬಿಗಿಯಾಗಿ ಕಟ್ಟಿ, ಗಾಳಿಗೆ ಹಾರದ ಹಾಗೆ ತಲೆಗೊಂದು ಬಟ್ಟೆ ಸುತ್ತಿಕೊಂಡು ತಯಾರಾಗಿದ್ದಳು. “ಮೊದಲನೇ ಪಾಠ ನಂದು.”

ಮಾವನವರು ಮಗಳನ್ನು ನೋಡಿದರು. “ಸರಿ, ಅಳಿಯಂದಿರೇ. ಓಡಿಸಿ ತೋರಿಸಿ.”

ಚೀಟಿಯಪ್ಪನವರು ಹಲಗೆಯನ್ನು ಎದೆಗವಚಿಕೊಂಡು ನಿಂತಿದ್ದರು. ಈಗಲೂ ಒಂದು ಸುಳ್ಳು ಹೇಳಬಹುದಿತ್ತು. ಪೆಡಲು ಬರಬೇಕು, ಸಾಮಾನು ಸಿಕ್ಕಿಲ್ಲ, ಇನ್ನೊಂದು ವಾರ. ಬಾಯಲ್ಲಿ ಅದೆಲ್ಲ ತಯಾರಾಗಿಯೂ ಇತ್ತು. ಆದರೆ ಹೆಂಡತಿಯ ತಲೆಯ ಮೇಲಿನ ಆ ಬಟ್ಟೆ ಕಣ್ಣಿಗೆ ಬಿತ್ತು. ಬೆಳಗ್ಗೆ ಆಕೆ ಅದಕ್ಕೆ ಮೂರು ಸಾರಿ ಗಂಟು ಹಾಕಿ ಬಿಚ್ಚಿ ಕನ್ನಡಿ ನೋಡಿಕೊಂಡದ್ದು ಅವರಿಗೆ ಗೊತ್ತಿತ್ತು.

“ಆಗಲ್ಲ ಮಾವ,” ಎಂದರು. “ಸ್ಕೂಲು ಅಂತ ಏನೂ ಇಲ್ಲ. ನಾನು ಅಳತೆ ತೆಗೆಯೋವಾಗ ಎಲ್ಲೋ ತಪ್ಪು ಮಾಡಿದೀನಿ. ತೂತು ಎಡಗಡೆಗೆ ಬಂದುಬಿಟ್ಟಿದೆ. ಟೀಚರಮ್ಮ ಕೇಳಿದಾಗ ಮರ್ಯಾದೆ ಹೋಗುತ್ತೆ ಅಂತ ಬೇಕಂತಲೇ ಮಾಡಿಸಿದ್ದು ಅಂದೆ. ಆಮೇಲೆ ಎಲ್ಲರೂ ಹೆಸರು ಬರೆಸಿದ್ರು, ನಾನೂ ಬರ್ಕೊಂಡೆ. ನಾಲ್ಕು ಜನ ಮೆಚ್ಚಲಿ ಅಂತ ಹೋಗಿ ಇವಳ ಕಾರು ಕಳೆದುಬಿಟ್ಟೆ.” ಆಮೇಲೆ ಹೆಂಡತಿಯ ಕಡೆಗೆ ತಿರುಗಿದರು. “ನಿನಗೆ ಆಸೆ ಇದ್ದದ್ದು ನನಗೆ ಗೊತ್ತಿರಲಿಲ್ಲ ಕಣೇ. ಗೊತ್ತಿರಬೇಕಿತ್ತು.”

ದರ್ಜಿ ಬೋರ್ಡನ್ನು ಬೆನ್ನ ಹಿಂದಕ್ಕೆ ಸರಿಸಿದ. ವ್ಯಾಪಾರಿ ಲಾರಿಯ ಡ್ರೈವರಿಗೆ ಕೈಸನ್ನೆ ಮಾಡಿದ. ದೊಡ್ಡ ಸಾಹೇಬರು ಚೀಟಿಯಪ್ಪನವರನ್ನು ಬೇರೆಯೇ ಬಗೆಯಲ್ಲಿ ನೋಡುತ್ತಿದ್ದರು. ಮನುಷ್ಯ ಅಷ್ಟು ಜನರ ಎದುರಿಗೆ ಹಿಂದಕ್ಕೆ ಹೋಗುವುದು ಅವರಿಗೆ ದೊಡ್ಡ ವಿದ್ಯೆಯಾಗಿ ಕಂಡಿರಬೇಕು.

ಹೆಂಡತಿ ಹತ್ತಿರ ಬಂದಳು. ಬೈಯುತ್ತಾಳೆ ಎಂದು ಅವರು ತಲೆ ತಗ್ಗಿಸಿದರು. ಆಕೆ ಅವರ ಕೈಯಿಂದ ಹಲಗೆ ತೆಗೆದುಕೊಂಡಳು, ಕಾರಿನೊಳಕ್ಕೆ ಬಗ್ಗಿ ನೋಡಿದಳು, ಹಲಗೆ ನೋಡಿದಳು.

“ಅಷ್ಟೇ ತಾನೆ,” ಎಂದು, ಚಾಪೆ ಮಗುಚಿ ಹಾಕುವಷ್ಟೇ ಸಲೀಸಾಗಿ ಹಲಗೆಯನ್ನು ಮಗುಚಿ ಕಾರಿನೊಳಗಿಟ್ಟಳು.

ಹಲಗೆ ಟಪ್ಪೆಂದು ಕೂತಿತು. ಮೂರು ಪೆಡಲುಗಳ ಕಾಲುಗಳು ಮೂರು ತೂತುಗಳೊಳಗಿಂದ ಮೇಲೆ ಬಂದು, ಇಷ್ಟು ದಿನ ಯಾಕೆ ತಡ ಎಂದು ಕೇಳುವವರಂತೆ ಬಲಗಡೆ ಸಾಲಾಗಿ ನಿಂತವು.

ಮೊದಲು ಮಾತಾಡಿದವರು ಟೀಚರಮ್ಮ. “ಮಗುಚಿದ್ರೆ ಎಡ ಬಲ ಆಗೋದನ್ನ ನಾನು ಮೂವತ್ತೈದು ವರ್ಷ ಏಳನೇ ಕ್ಲಾಸಿಗೆ ಪಾಠ ಮಾಡಿದೀನಿ,” ಎಂದು ಹೇಳಿ, ಯಾರ ಮುಖವನ್ನೂ ನೋಡದೆ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದರು. ಇನ್ಸ್‌ಪೆಕ್ಟರು ಪುಸ್ತಕ ತೆಗೆದು ತಮ್ಮ ಎರಡು ವಾಕ್ಯಗಳ ಮೇಲೂ ಗೀಟು ಹೊಡೆದರು.

“ಆದ್ರೆ ಪಾಲಿಷ್ ಕೆಳಗಡೆಗೆ ಹೋಯ್ತು,” ಎಂದರು ಚೀಟಿಯಪ್ಪನವರು ಸಣ್ಣ ದನಿಯಲ್ಲಿ. ಮೂರು ಕೋಟಿನ ಹೊಳಪೆಲ್ಲ ಈಗ ರಸ್ತೆಯ ಕಡೆ ಮುಖ ಮಾಡಿತ್ತು. ಮೇಲ್ಗಡೆ ಬರೀ ಮರ. ವ್ಯಾಪಾರಿ ಕಿಸಕ್ಕನೆ ನಕ್ಕ.

ಮಾವನವರು ನಗಲಿಲ್ಲ. ಬಾಗಿಲು ಹಿಡಿದುಕೊಂಡು ಕಷ್ಟಪಟ್ಟು ಮಂಡಿಯೂರಿದರು, ಕಾರಿನಡಿಗೆ ಕೈ ಹಾಕಿ ಹಲಗೆಯ ತಳವನ್ನು ಸವರಿದರು. ಬಹಳ ಹೊತ್ತು ಸವರುತ್ತಲೇ ಇದ್ದರು.

“ನಲವತ್ತು ವರ್ಷ ನಾನು ಮೇಲ್ಗಡೆಗೇ ಪಾಲಿಷ್ ಹಚ್ಚಿದೆ,” ಎಂದರು. “ಕೆಳಗಡೆ ಯಾರು ನೋಡ್ತಾರೆ ಅಂತ. ರಸ್ತೆ ನೀರು, ಕೆಸರು, ಎಲ್ಲ ಹೊಡೆಯೋದು ಕೆಳಗಡೆಯಿಂದ. ಅದಕ್ಕೇ ಕೊಳೀತು. ಮೇಲೆ ಚಾಪೆ ಮುಚ್ಚಿದ್ದೆ, ನನಗೂ ಕಾಣಲಿಲ್ಲ.” ವ್ಯಾಪಾರಿಯ ಕಡೆ ತಿರುಗಿದರು. “ಇನ್ನು ಇದು ನನ್ನ ಕಾಲಕ್ಕೆ ಕೊಳೆಯೋದಿಲ್ಲ. ನಗೋದೇನಿದೆ ಅದರಲ್ಲಿ?”

ಅದು ಅಳಿಯನ ಮಾನ ಉಳಿಸಲು ಹೇಳಿದ್ದೋ, ನಿಜವಾಗಿ ಅನ್ನಿಸಿದ್ದೋ, ಇಂದಿಗೂ ಬೀದಿಯಲ್ಲಿ ಎರಡು ಪಕ್ಷಗಳಿವೆ. ಮಾವನವರು ಮಾತ್ರ ಅಂಗಿಯ ತೋಳು ಮಡಚಿ, ಅಳಿಯ ಒಂದೊಂದಾಗಿ ಕೊಟ್ಟ ಬೆಂಕಿಪೆಟ್ಟಿಗೆಗಳಿಂದ ಸ್ಕ್ರೂ ತೆಗೆದು ಹಲಗೆಗಳನ್ನೂ ಸೀಟನ್ನೂ ಬಿಗಿದರು. ಇಪ್ಪತ್ತೊಂಬತ್ತರಲ್ಲಿ ಒಂದೂ ಕಳೆದಿರಲಿಲ್ಲ. ಅದನ್ನವರು ಎರಡು ಸಾರಿ ಎಣಿಸಿ ನೋಡಿದರು.

ಆಮೇಲೆ ಅವರು ಬಲಗಡೆಯ ಬಾಗಿಲಿಗೆ ಹೋದರು, ನಿಂತರು, ಸುತ್ತಿಕೊಂಡು ಎಡಗಡೆಗೆ ಬಂದು ಕೂತರು. ತಮ್ಮ ಕಾರಿನಲ್ಲಿ ಆ ಸೀಟಿನ ಮೇಲೆ ಅವರು ಕೂತದ್ದು ಅದೇ ಮೊದಲು. ಕೈ ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡರು. ಚೀಟಿಯಪ್ಪನವರು ಸ್ಟೇರಿಂಗ್ ಹಿಡಿದರು. ಎಂಜಿನ್ನು ಗುಡುಗಿತು. ಕಾರು ಗೇಟು ದಾಟಿ, ದಾರಿಗೆ ಅಡ್ಡ ನಿಂತಿದ್ದ ಖಾಲಿ ಲಾರಿಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ಬೀದಿ ಹಿಡಿಯಿತು. ತಿರುವಿನಲ್ಲಿ ಮರೆಯಾಗುವಾಗ ಮಾವನವರ ದನಿ ಅಂಗಳದವರೆಗೂ ಕೇಳಿಸಿತು: “ಬ್ರೇಕು, ಬ್ರೇಕು ಹಿಡಿಯಪ್ಪ.”

ಕಾಲು ಗಂಟೆ ಯಾರೂ ಅಲುಗಲಿಲ್ಲ. ಕೊನೆಗೆ ಕಾರು ಆ ಕಡೆ ತುದಿಯಿಂದ ಬಂದು ಗೇಟಿನ ಮುಂದೆ ನಿಂತಿತು. ಚೀಟಿಯಪ್ಪನವರ ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. ಮಾವನವರ ಬಿಳಿ ಕೂದಲು ನೆಟ್ಟಗೆ ನಿಂತಿತ್ತು. ವ್ಯಾಪಾರಿ ಇನ್ನೂ ಆಸೆ ಬಿಡದೆ ಹತ್ತಿರ ಹೋಗಿ, “ಹೇಗಿದೆ ಸಾರ್?” ಎಂದ.

“ಲಾರಿ ಖಾಲೀನೇ ವಾಪಸು ಹೋಗಲಿ,” ಎಂದರು ಮಾವನವರು.

ಅವರು ಇಳಿದು, ಬಲಗಾಲಿನ ಮೀನಖಂಡವನ್ನು ನೀವಿಕೊಂಡು, ಕುಂಟುತ್ತ ಮಗಳ ಹತ್ತಿರ ಬಂದರು. ಕೀಲಿಕೈಯನ್ನು ಆಕೆಯ ಕೈಗಿಟ್ಟರು.

“ನಾನು ಕಲಿಸಬೇಕಿತ್ತು, ಕಲಿಸಲಿಲ್ಲ. ನಿನ್ನ ಗಂಡನ ಹತ್ರಾನೇ ಕಲಿ. ನೆಲದ ಬಗ್ಗೆ ಯೋಚನೆ ಮಾಡಬೇಡ, ಗಟ್ಟಿಯಾಗಿದೆ. ಬ್ರೇಕು ಅಂತ ನಾನೇ ದಾರಿಯುದ್ದಕ್ಕೂ ಒದ್ದು ನೋಡಿದೀನಿ.”